ಮಿನಿ ಲೇತ್‌ನ ಪವರ್ ಫೀಡ್: ಏಳು ತಿಂಗಳು ಬಳಸಿದ ಮೇಲೆ

ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸುವುದನ್ನು ಬಿಟ್ಟು ಏಳು ತಿಂಗಳಾಯಿತು. ಕಾರಿನ ಜಾಗವನ್ನು ಈಗ ಸುಮಾರು 40 ಕಿಲೋ ತೂಕದ ಒಂದು ಚೀನಾ ಮಿನಿ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತ ಟೂಲಿನಿಂದ ಕಡೆಯುವ ಸಣ್ಣ ಯಂತ್ರ, ಆಕ್ರಮಿಸಿಕೊಂಡಿದೆ. 180 ಮಿ.ಮೀ. ಸ್ವಿಂಗ್ (ಯಂತ್ರದಲ್ಲಿ ತಿರುಗಬಲ್ಲ ತುಂಡಿನ ಗರಿಷ್ಠ ವ್ಯಾಸ), ತುಂಡನ್ನು ತುದಿಗಳಲ್ಲಿ ಹಿಡಿಯುವ ಎರಡು ಸೆಂಟರ್‌ಗಳ ನಡುವೆ 350 ಮಿ.ಮೀ. ಜಾಗ, ವೇಗ ಹೆಚ್ಚುಕಡಿಮೆ ಮಾಡಲು ಒಂದು ಗುಬುಟು, ಎಡಗಡೆ ಒಂದು ಮುಚ್ಚಳ, ಅದರೊಳಗೆ ಪ್ಲಾಸ್ಟಿಕ್ ಗೇರ್‌ಗಳು. ಹವ್ಯಾಸಿಗಳು ಇದೇ ಅಳತೆಗಳನ್ನು ಇಂಚಿನಲ್ಲಿ ಹೇಳಿ 7×14 ಎಂದು ಕರೆಯುವ ಈ ವರ್ಗದ ಯಂತ್ರಗಳು ಹತ್ತಾರು ಹೆಸರು, ಬಣ್ಣಗಳಲ್ಲಿ ಮಾರಾಟವಾಗುತ್ತವೆಯಾದರೂ ಒಳಗಿನ ವಿನ್ಯಾಸ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ನನ್ನದರ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ. ತೆರಿಗೆ, ಸಾಗಣೆ ಎಲ್ಲ ಸೇರಿ ಲೆಕ್ಕ ಒಂದು ಲಕ್ಷ ರೂಪಾಯಿ ದಾಟಿತು. ಈ ಬರಹ ಇಡೀ ಯಂತ್ರದ ವಿಮರ್ಶೆಯಲ್ಲ. ಅದರ ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದ 'ಆಟೋಮ್ಯಾಟಿಕ್ ಫೀಡ್' ಎಂಬ ಒಂದೇ ಅಂಶದ ವಿಮರ್ಶೆ. ತಿರುಗುವ ಲೋಹದ ಉದ್ದಕ್ಕೂ ಟೂಲನ್ನು ಯಂತ್ರವೇ ಸಾಗಿಸುವ ವ್ಯವಸ್ಥೆ ಅದು, ಪವರ್ ಫೀಡ್ ಎಂದರೂ ಅದೇ. ಲೋಹ ಒಂದು ಸುತ್ತು ಸುತ್ತುವಾಗ ಟೂಲು ಸಾಗುವ ದೂರವನ್ನೂ ಫೀಡ್ ಎನ್ನುತ್ತಾರೆ.

ನನ್ನ ಹಿನ್ನೆಲೆಯನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂವತ್ತು ವರ್ಷಗಳ ಹಿಂದೆ ಐಟಿಐನಲ್ಲಿ ಟರ್ನರ್ ಟ್ರೇಡ್ (ಲೇತ್ ಕೆಲಸ) ಕಲಿತು, ಬಳಿಕ ಬ್ಯಾಂಕಿನ ಕೌಂಟರ್ ಹಿಂದೆ ಕುಳಿತವನು ನಾನು. ಲೇತ್ ಕೊಂಡದ್ದು ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ ಹಳೆಯ ಯೆಜ್ಡಿ ಬೈಕ್ ಒಂದಕ್ಕಾಗಿ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಅದರ ಬುಷ್ಷು, ಸ್ಪೇಸರ್‌ಗಳನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಮನೆಯಲ್ಲೇ ಕಡೆದುಕೊಳ್ಳುವುದು ಲೇಸೆಂದು ತೋರಿತು.

ಐಟಿಐ ಶೆಡ್ಡಿನಲ್ಲಿ ಎರಡು ಬಗೆಯ ಲೇತ್‌ಗಳಿದ್ದವು. ಒಂದು, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿಯದು. ಇನ್ನೊಂದು ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. ಅವುಗಳಲ್ಲಿ ಫೀಡ್ ಬದಲಿಸುವುದೆಂದರೆ ಗೇರ್ ಬಾಕ್ಸಿನ ಹಿಡಿಯನ್ನು ಒಂದು ಗುಳಿಯಿಂದ ಎತ್ತಿ ಇನ್ನೊಂದು ಗುಳಿಗೆ ಕೂರಿಸುವುದು, ಅಷ್ಟೇ. ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಹಾಕುವುದಕ್ಕೆ ಲೀಡ್ ಸ್ಕ್ರೂ ಎಂಬ ಉದ್ದನೆಯ ಸ್ಕ್ರೂ, ಲೋಹದ ಮೈ ಕಡೆಯುವ ಸಾದಾ ಟರ್ನಿಂಗ್‌ಗೆ ಬೇರೆಯದೇ ಆದ ಫೀಡ್ ರಾಡ್. ಟೂಲನ್ನು ಉದ್ದಕ್ಕೆ ಒಯ್ಯುವ ಕ್ಯಾರೇಜ್ ಮಾತ್ರವಲ್ಲ, ಅಡ್ಡಕ್ಕೆ ಒಯ್ಯುವ ಕ್ರಾಸ್ ಸ್ಲೈಡ್ ಕೂಡ ತಾನಾಗಿ ಚಲಿಸುತ್ತಿತ್ತು. ಈ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಿನಿ ಲೇತ್‌ನ ಪೆಟ್ಟಿಗೆ ತೆರೆದವನಿಗೆ ಮೊದಲ ದಿನವೇ ನಿರಾಸೆ ಕಾದಿರುತ್ತದೆ. ಇಲ್ಲಿ ಫೀಡ್ ರಾಡ್ ಎಂಬುದೇ ಇಲ್ಲ. ಇರುವುದು ಥ್ರೆಡ್ ಹಾಕಲೆಂದು ಮಾಡಿದ ಲೀಡ್ ಸ್ಕ್ರೂ ಒಂದೇ. ಅದನ್ನು ಆದಷ್ಟು ನಿಧಾನವಾಗಿ ತಿರುಗಿಸಿ, ಕ್ಯಾರೇಜನ್ನು ಅದಕ್ಕೆ ಜೋಡಿಸುವ ಹಾಫ್ ನಟ್ (ಎರಡು ಹೋಳಿನ ನಟ್) ಕಚ್ಚಿಸಿ, ಅದನ್ನೇ ಪವರ್ ಫೀಡ್ ಎಂದು ಕರೆದಿದ್ದಾರೆ. ಅಂದರೆ ಟೂಲು ಸದಾ ಥ್ರೆಡ್ಡನ್ನೇ ಹಾಕುತ್ತಿರುತ್ತದೆ. ಅದರ ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ) ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ನಾವು ಅದನ್ನು ನುಣುಪು ಎನ್ನುತ್ತೇವೆ. ಕ್ರಾಸ್ ಸ್ಲೈಡ್‌ಗೆ ಯಾವ ಪವರ್ರೂ ಇಲ್ಲ, ಫೇಸಿಂಗ್ (ತುದಿಯ ಮುಖ ಸಮ ಮಾಡುವುದು) ಪೂರ್ತಿ ಕೈಯಲ್ಲೇ ಆಗಬೇಕು.

ಕಾರ್ಖಾನೆಯಿಂದ ಬರುವಾಗ ಯಂತ್ರದಲ್ಲಿ ಕೂರಿಸಿರುವ ಗೇರ್‌ಗಳು ಕ್ರಮವಾಗಿ 20, 80, 20, 80 ಹಲ್ಲುಗಳವು. ಲೋಹವನ್ನು ತಿರುಗಿಸುವ ಸ್ಪಿಂಡಲ್ ಒಂದು ಸುತ್ತು ಸುತ್ತಿದರೆ ಮೊದಲ 20ರ ಗೇರ್ ಕೂಡ ಒಂದು ಸುತ್ತು ಸುತ್ತುತ್ತದೆ. ಅದು 80ನ್ನು ಕಾಲು ಸುತ್ತು ತಿರುಗಿಸುತ್ತದೆ. ಆ 80ರ ಜೊತೆ ಒಂದೇ ಬುಷ್ಷಿನಲ್ಲಿ ಕುಳಿತ ಎರಡನೆಯ 20, ಲೀಡ್ ಸ್ಕ್ರೂವಿನ 80ನ್ನು ಆ ಕಾಲರಲ್ಲಿ ಕಾಲು ಭಾಗ ತಿರುಗಿಸುತ್ತದೆ. ಒಟ್ಟು ಹದಿನಾರರಲ್ಲಿ ಒಂದು ಪಾಲು. ಲೀಡ್ ಸ್ಕ್ರೂವಿನ ಪಿಚ್ 1.5 ಮಿ.ಮೀ. ಆಗಿದ್ದರೆ ಸುತ್ತಿಗೆ 0.094 ಮಿ.ಮೀ. ಫೀಡ್ ಸಿಗುತ್ತದೆ. ಇದೇ ಯಂತ್ರ ಇಂಚಿಗೆ 16 ಥ್ರೆಡ್‌ಗಳ ಸ್ಕ್ರೂ ಜೊತೆಗೂ ಬರುತ್ತದೆ, ಅದಾದರೆ 0.099. ಫೀಡ್‌ಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬಾರದು, ಆದರೆ ಮುಂದೆ ಮೆಟ್ರಿಕ್ ಥ್ರೆಡ್ ಹಾಕಲು ಹೊರಟವನಿಗೆ ಇದು ಪ್ರಾಣಸಂಕಟವಾಗುತ್ತದೆ. ನನ್ನ ಮಾರಾಟಗಾರರಿಗೆ ತಮ್ಮ ಯಂತ್ರದಲ್ಲಿರುವುದು ಯಾವುದೆಂದು ಹೇಳಲಾಗಲಿಲ್ಲ. ವರ್ನಿಯರ್‌ನಿಂದ ಸ್ಕ್ರೂವಿನ ಹತ್ತು ಥ್ರೆಡ್‌ಗಳ ಉದ್ದ ಅಳೆದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ: 15 ಮಿ.ಮೀ. ಬಂದರೆ ಮೆಟ್ರಿಕ್, ಹತ್ತಿರಹತ್ತಿರ 15.9 ಬಂದರೆ ಇಂಚು. ನನ್ನದು 15 ಬಂದಿತು.

ಲೆಕ್ಕ ಹೇಳಿದಂತೆ ಯಂತ್ರ ನಡೆಯುತ್ತದೆಯೇ ಎಂದು ನೋಡಲು ಬೆಡ್ (ಯಂತ್ರದ ತಳಹಾಸು) ಮೇಲೆ ಸಣ್ಣ ಚಲನೆ ಅಳೆಯುವ ಡಯಲ್ ಗೇಜ್ ಇಟ್ಟು, ಅದರ ಮುಳ್ಳು ಕ್ಯಾರೇಜ್‌ಗೆ ತಾಗುವಂತೆ ಹೊಂದಿಸಿ, ಪ್ಲಗ್ ಕಿತ್ತು, ಹಾಫ್ ನಟ್ ಹಾಕಿ ಲೋಹವನ್ನು ಕಚ್ಚಿ ಹಿಡಿಯುವ ಚಕ್ಕನ್ನು ಕೈಯಿಂದಲೇ ಸುತ್ತಿದೆ. ಮೊದಲ ಕೆಲವು ಸುತ್ತುಗಳಲ್ಲಿ ಮುಳ್ಳು ಕದಲಲೇ ಇಲ್ಲ. ಗೇರ್‌ಗಳ ನಡುವಿನ ಸಡಿಲ, ಹಾಫ್ ನಟ್‌ನ ಸಡಿಲ ಎಲ್ಲವೂ ಮೊದಲು ತುಂಬಬೇಕಲ್ಲ. ಮುಳ್ಳು ಹೊರಟ ಮೇಲೆ ಎಣಿಸಿದ ಹತ್ತು ಸುತ್ತಿಗೆ 0.94 ಮಿ.ಮೀ. ನಡೆಯಿತು. ಮತ್ತೆ ಮೂರು ಬಾರಿ ಮಾಡಿದಾಗಲೂ ಅಷ್ಟೇ. ಗೇರ್ ಎಂದರೆ ಗೇರ್, ಪ್ಲಾಸ್ಟಿಕ್ ಆದರೇನು, ಹಲ್ಲಿನ ಲೆಕ್ಕ ತಪ್ಪುವುದಿಲ್ಲ. ಈ ವಿಷಯದಲ್ಲಿ ಯಂತ್ರಕ್ಕೆ ಪೂರ್ಣ ಅಂಕ.

ತೊಂದರೆ ಶುರುವಾದದ್ದು ಕಡೆಯಲು ಹೊರಟಾಗ. 20 ಮಿ.ಮೀ. ವ್ಯಾಸದ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡನ್ನು ಚಕ್ಕಿಗೆ ಕಟ್ಟಿ, 400 ಆರ್‌ಪಿಎಂನಲ್ಲಿ ಅರ್ಧ ಮಿ.ಮೀ. ಆಳದ ಕಟ್ ಕೊಟ್ಟು, ನಾನೇ ಸಾಣೆ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ ಫೀಡ್ ಬಿಟ್ಟೆ. ನಿಮಿಷಕ್ಕೆ 37.5 ಮಿ.ಮೀ.ನಂತೆ, 100 ಮಿ.ಮೀ. ದಾಟಲು ಎರಡು ನಿಮಿಷ ನಲವತ್ತು ಸೆಕೆಂಡು. ಮುಗಿದ ಮೇಲೆ ಉಗುರು ಹಾಯಿಸಿದರೆ ಗ್ರಾಮೊಫೋನ್ ತಟ್ಟೆಯ ಮೇಲೆ ಉಗುರು ಹಾಯಿಸಿದಂತೆ ಕರಕರ ಎಂದಿತು. ಫೀಡ್ ತೀರಾ ಒರಟು, ಈ ಯಂತ್ರದ ಹಣೆಬರಹವೇ ಇಷ್ಟು ಎಂದು ಆ ದಿನ ನಿರ್ಧರಿಸಿಬಿಟ್ಟೆ. ಈ ಯಂತ್ರ ಕೊಂಡ ಅನೇಕರ ಮೊದಲ ದೂರೂ ಇದೇ.

ಆ ನಿರ್ಧಾರ ತಪ್ಪಾಗಿತ್ತು. ನಮ್ಮ ಐಟಿಐ ಮೇಷ್ಟ್ರು ಒರಟು ಜಾಬ್ (ಕಡೆದ ತುಂಡು) ತೋರಿಸಿದವರಿಗೆಲ್ಲ, "ಫೀಡ್ ಆಮೇಲೆ ಬೈಯುವೆಯಂತೆ, ಮೊದಲು ಟೂಲಿನ ಮೂಗು ತೋರಿಸಪ್ಪಾ" ಎನ್ನುತ್ತಿದ್ದುದು ಎರಡು ದಿನ ಕಳೆದ ಮೇಲೆ ನೆನಪಾಯಿತು. ಟರ್ನಿಂಗ್ ಮಾಡಿದ ಮೈಯಲ್ಲಿ ಉಳಿಯುವ ಏಣುಗಳ ಎತ್ತರ, ಫೀಡ್‌ನ ವರ್ಗವನ್ನು ಟೂಲಿನ ಮೂಗಿನ (ಕತ್ತರಿಸುವ ತುದಿಯ) ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟಿರುತ್ತದೆ. ಮೂಗಿನ ತ್ರಿಜ್ಯ 0.4 ಮಿ.ಮೀ. ಇದ್ದರೆ 0.094ರ ಫೀಡ್‌ನಲ್ಲಿ ಏಣಿನ ಎತ್ತರ 2.7 ಮೈಕ್ರಾನ್, ತ್ರಿಜ್ಯ 0.2ಕ್ಕೆ ಇಳಿದರೆ 5.5 ಮೈಕ್ರಾನ್, ಸೂಜಿಯಂತೆ ಮೊನಚು ಬಿಟ್ಟರೆ ಅದು ಅಪ್ಪಟ ಥ್ರೆಡ್ಡೇ. ನನ್ನ ಟೂಲು ಸೂಜಿಯಂತಿತ್ತು. ಎಣ್ಣೆಕಲ್ಲಿನ ಮೇಲೆ ಮೂಗನ್ನು ಹತ್ತಿಪ್ಪತ್ತು ಬಾರಿ ಉರುಳಿಸಿ ದುಂಡಗೆ ಮಾಡಿ, ಬೇರೇನನ್ನೂ ಬದಲಿಸದೆ ಅದೇ ರಾಡಿನ ಮೇಲೆ ಮತ್ತೊಮ್ಮೆ ಬಿಟ್ಟಾಗ ಉಗುರು ಸದ್ದಿಲ್ಲದೆ ಜಾರಿತು. ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ ಸಿದ್ಧ ಅಲಗು) ಬಳಸುವವರು ಸಿಸಿಎಂಟಿ 060204 ಎಂಬಂಥ ಸಂಕೇತದ ಕೊನೆಯ ಎರಡು ಅಂಕಿಗಳನ್ನು ನೋಡಬೇಕು. 04 ಎಂದರೆ 0.4 ಮಿ.ಮೀ. ಮೂಗು. ಹಾಗೆಂದು 0.8ರ ಮೂಗು ಹಾಕಿದರೆ ಇನ್ನೂ ನುಣುಪಾಗುತ್ತದೆಂದು ಲೆಕ್ಕ ಹೇಳುತ್ತದೆ, ಆದರೆ ಈ ಹಗುರ ಯಂತ್ರ ಅದನ್ನು ತಾಳುವುದಿಲ್ಲ. ಮೂಗು ದೊಡ್ಡದಾದಷ್ಟೂ ಜಾಬನ್ನು ಆಚೆಗೆ ತಳ್ಳುವ ಬಲ ಹೆಚ್ಚುತ್ತದೆ, ಯಂತ್ರ ನಡುಗುತ್ತದೆ, ಮೈಮೇಲೆ ಚಾಟರ್ ಗೆರೆಗಳು ಮೂಡುತ್ತವೆ.

ಫಿನಿಷಿಂಗ್‌ಗೆ 0.094 ಸಾಕು ಎಂದಾದ ಮೇಲೆ, ಒರಟು ಕೆಲಸಕ್ಕೆ ಅದು ಕಡಿಮೆ ಎಂಬುದು ಗೊತ್ತಾಯಿತು. ಎಂ.ಎಸ್. ಅಂಥ ಮೆದು ಉಕ್ಕು ಈ ಫೀಡ್‌ನಲ್ಲಿ ತುಂಡಾಗದೆ ಉದ್ದುದ್ದ ಸುರುಳಿಯಾಗಿ ಹೊರಬಂದು ಚಕ್ಕಿಗೆ ಸುತ್ತಿಕೊಳ್ಳುತ್ತದೆ. ಬ್ಲೇಡಿನಷ್ಟು ಹರಿತವಾದ ಆ ಸುರುಳಿಯನ್ನು ಯಂತ್ರ ನಿಲ್ಲಿಸಿದ ಮೇಲೆ ಕೊಕ್ಕೆಯಿಂದ ಎಳೆಯಬೇಕೇ ಹೊರತು ತಿರುಗುವಾಗ ಕೈ ಹಾಕಬಾರದು. ಗ್ಲೌಸ್ ಹಾಕಿ ಕೈ ಹಾಕುವುದು ಅದಕ್ಕಿಂತಲೂ ಅಪಾಯ, ಗ್ಲೌಸಿನ ಜೊತೆ ಕೈಯೂ ಒಳಹೋಗುತ್ತದೆ. ಸುರುಳಿ ಮುರಿಯಬೇಕಾದರೆ ಫೀಡ್ ಹೆಚ್ಚಿಸಬೇಕು. ಕೊನೆಯ 80ರ ಬದಲು 50 ಹಾಕಿ, 20, 80, 20, 50 ಮಾಡಿದರೆ ಹತ್ತರಲ್ಲಿ ಒಂದು ಪಾಲು, ಅಂದರೆ ಸುತ್ತಿಗೆ 0.15 ಮಿ.ಮೀ. ಸಿಗುತ್ತದೆ. ಇದೇ 400 ಆರ್‌ಪಿಎಂನಲ್ಲಿ 100 ಮಿ.ಮೀ.ಗೆ ಒಂದು ನಿಮಿಷ ನಲವತ್ತು ಸೆಕೆಂಡು ಸಾಕು, ಚೂರುಗಳೂ ಗಿಡ್ಡವಾಗಿ ಉದುರುತ್ತವೆ. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಈ ಮಾಹಿತಿ ಎಲ್ಲೂ ಇಲ್ಲ. ಅಲ್ಲಿರುವ ಪಟ್ಟಿ ಪೂರ್ತಿ ಥ್ರೆಡ್ ಪಿಚ್‌ಗಳದ್ದು. ಟರ್ನಿಂಗ್ ಫೀಡ್‌ಗೆ ಒಂದು ಸಾಲನ್ನೂ ಕೊಟ್ಟಿಲ್ಲ.

ಆ 50ರ ಗೇರ್ ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಪಟ್ಟಿಯಲ್ಲಿ ಅದರ ಮುಂದೆ ಸರಿಗುರುತು ಇತ್ತು, ಗೇರ್ ಮಾತ್ರ ಇಲ್ಲ. ಫೋನು, ಫೋಟೋ, ಮತ್ತೆ ಫೋನು. ಏಳು ವಾರಗಳ ಬಳಿಕ ಒಂದು ಲಕೋಟೆ ಬಂದಿತು. ಮೇಲೆ 50 ಎಂದು ಚೀಟಿ ಅಂಟಿಸಿತ್ತು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದರೆ 55. ಅಷ್ಟರಲ್ಲಿ ನಾನು 60ರ ಗೇರ್ ಹಾಕಿಕೊಂಡು 0.125ರ ಫೀಡ್‌ಗೆ ಒಗ್ಗಿಹೋಗಿದ್ದೆ, ಹಾಗಾಗಿ ಜಗಳ ಮುಂದುವರಿಸಲಿಲ್ಲ. ನಿಜ ಹೇಳಬೇಕೆಂದರೆ ಈ ಗಾತ್ರದ ಯಂತ್ರಕ್ಕೆ 0.125 ಸೊಗಸಾಗಿಯೇ ಹೊಂದುತ್ತದೆ, 0.15ರಲ್ಲಿ ಕಟ್ ಸ್ವಲ್ಪ ಆಳವಾದರೂ ಮೋಟಾರು ಮುಲುಗುತ್ತದೆ.

ಗೇರ್ ಬದಲಿಸುವ ಕೆಲಸ ಕಷ್ಟವಲ್ಲ, ಕಿರಿಕಿರಿ. ಮುಚ್ಚಳದ ಎರಡು ಸ್ಕ್ರೂ ಬಿಚ್ಚಬೇಕು. ನಡುವಿನ ಜೋಡಿ ಗೇರ್‌ಗಳನ್ನು ಹೊತ್ತಿರುವ ಬ್ಯಾಂಜೋ ಎಂಬ ಸೀಳುಗಂಡಿಯ ತೋಳನ್ನು ಸಡಿಲಿಸಬೇಕು. ಅಲೆನ್ ಕೀ ತೂರಿಸಲು ಜಾಗ ಸಾಲದೆ ಗೆಣ್ಣು ತರಚಿಕೊಳ್ಳಬೇಕು. ಲೀಡ್ ಸ್ಕ್ರೂವಿನ ತುದಿಯಲ್ಲಿರುವ ಅಕ್ಕಿಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಕೀ ಎಲ್ಲಿ ಬಿದ್ದಿತೆಂದು ಟಾರ್ಚ್ ಹಿಡಿದು ನೆಲ ತಡಕಬೇಕು. ಹೊಸ ಗೇರ್ ಕೂರಿಸುವಾಗ ಎರಡು ಗೇರ್‌ಗಳ ಹಲ್ಲಿನ ನಡುವೆ ಹಳೆಯ ದಿನಪತ್ರಿಕೆಯ ಒಂದು ಪಟ್ಟಿ ಸಿಕ್ಕಿಸಿ, ಒತ್ತಿ ಹಿಡಿದು, ನಟ್ ಬಿಗಿ ಮಾಡಿ, ಆಮೇಲೆ ಚಕ್ಕು ತಿರುಗಿಸಿ ಕಾಗದವನ್ನು ಹೊರಗೆ ತೆಗೆಯಬೇಕು. ಕಾಗದ ಮಡಿಕೆ ಬಿದ್ದು ಹರಿಯದೆ ಬಂದರೆ ಅಂತರ ಸರಿಯಿದೆ. ಚಿಂದಿಯಾಗಿ ಬಂದರೆ ತೀರಾ ಬಿಗಿಯಾಯಿತು, ಆ ಗೇರ್‌ಗಳು ಓಡುವಾಗ ಬೀದಿಯ ಕೊನೆಯ ಮನೆಯವರಿಗೂ ಕೇಳಿಸುತ್ತದೆ. ಮೊದಲ ಸಲ ನನಗೆ ನಲವತ್ತು ನಿಮಿಷ ಹಿಡಿಯಿತು, ಈಗ ಹನ್ನೆರಡು. ಐಟಿಐ ಲೇತ್‌ನಲ್ಲಿ ಎರಡು ಸೆಕೆಂಡಿನ ಕೆಲಸಕ್ಕೆ ಹನ್ನೆರಡು ನಿಮಿಷ! ಇದರಿಂದಾಗಿ ಒರಟು ಕಟ್‌ಗೆ ಒಂದು ಫೀಡ್, ಫಿನಿಷಿಂಗ್‌ಗೆ ಇನ್ನೊಂದು ಎಂಬ ಪಾಠವನ್ನು ಈ ಯಂತ್ರದಲ್ಲಿ ಯಾರೂ ಪಾಲಿಸುವುದಿಲ್ಲ. ಒಂದು ಫೀಡ್ ಇಟ್ಟುಕೊಂಡು ಮಿಕ್ಕದ್ದನ್ನು ಕಟ್‌ನ ಆಳದಿಂದ, ಸ್ಪಿಂಡಲ್ ವೇಗದಿಂದ, ಟೂಲಿನ ಮೂಗಿನಿಂದ ಸರಿದೂಗಿಸುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ.

ಪ್ಲಾಸ್ಟಿಕ್ ಗೇರ್‌ಗಳ ಬಗ್ಗೆ ಮೂಗು ಮುರಿಯುವವರು ಬಹಳ. ಕೊಂಡ ವಾರದಲ್ಲಿ ನಾನೂ ಉಕ್ಕಿನ ಗೇರ್‌ಗಳ ಸೆಟ್ ತರಿಸಲು ಹೊರಟಿದ್ದೆ. ಮೂರನೆಯ ತಿಂಗಳಲ್ಲಿ ಒಂದು ಸಂಜೆ, ಬಾಗಿಲಲ್ಲಿ ಯಾರೋ ಕರೆದರೆಂದು ತಿರುಗಿ ನೋಡಿದ ಗಳಿಗೆಯಲ್ಲಿ ಟೂಲ್ ಪೋಸ್ಟ್ ಹೋಗಿ ಚಕ್ಕಿನ ದವಡೆಗೆ ಬಡಿಯಿತು. ತಪ್ಪು ಪೂರ್ತಿ ನನ್ನದೇ. ಎರಡನೆಯ 20ರ ಗೇರ್‌ನ ನಾಲ್ಕು ಹಲ್ಲು ಕಿತ್ತುಹೋದವು, ಬೇರೇನೂ ಆಗಲಿಲ್ಲ. ದೊಡ್ಡ ಲೇತ್‌ಗಳಲ್ಲಿ ಭಾರ ಮೀರಿದಾಗ ಜಾರಿಕೊಳ್ಳುವ ಕ್ಲಚ್ಚೋ ಮುರಿಯಲೆಂದೇ ಇಟ್ಟ ಪಿನ್ನೋ ಇರುತ್ತದೆ. ಇಲ್ಲಿ ಆ ಕೆಲಸವನ್ನು ಈ ಬಡಪಾಯಿ ಪ್ಲಾಸ್ಟಿಕ್ಕೇ ಮಾಡುತ್ತದೆ. ಉಕ್ಕಿನ ಗೇರ್ ಇದ್ದಿದ್ದರೆ ಪೆಟ್ಟು ನೇರ ಹಾಫ್ ನಟ್‌ಗೋ ಲೀಡ್ ಸ್ಕ್ರೂಗೋ ಬೀಳುತ್ತಿತ್ತು. ಆ ಸೆಟ್ಟಿನ ಹಣದಲ್ಲಿ ಎರಡು ಬಿಡಿ ಪ್ಲಾಸ್ಟಿಕ್ ಗೇರ್, ಒಂದು ಡಬ್ಬಿ ಗ್ರೀಸ್ ತಂದಿಟ್ಟುಕೊಂಡಿದ್ದೇನೆ.

ಇನ್ನೂ ಸಣ್ಣ ಫೀಡ್ ಬೇಕೆನ್ನುವವರಿಗೆ, ಮುಖ್ಯವಾಗಿ ಬೇರಿಂಗ್ ಕೂರುವ ಶಾಫ್ಟ್‌ಗಳನ್ನು ಕಡೆಯುವವರಿಗೆ, ಎರಡು ದಾರಿಗಳನ್ನು ನೋಡಿದೆ. ಮೊದಲನೆಯದು 100 ಹಲ್ಲಿನ ಗೇರ್. ಕೊನೆಯಲ್ಲಿ 80ರ ಬದಲು 100 ಹಾಕಿದರೆ ಸುತ್ತಿಗೆ 0.075 ಮಿ.ಮೀ. ಸಿಗುತ್ತದೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1ರ ಆ ಗೇರ್‌ನ ಹೊರವ್ಯಾಸ 102 ಮಿ.ಮೀ. ಆಗುವುದರಿಂದ ಆರ್ಡರ್ ಮಾಡುವ ಮೊದಲು ಅಷ್ಟೇ ಅಗಲದ ರಟ್ಟಿನ ಬಿಲ್ಲೆ ಕತ್ತರಿಸಿ ಲೀಡ್ ಸ್ಕ್ರೂವಿನ ತುದಿಗೆ ಸಿಕ್ಕಿಸಿ ನೋಡಿದೆ. ನನ್ನ ಯಂತ್ರದ ಮುಚ್ಚಳಕ್ಕೆ ತಾಗಿತು. ಮುಚ್ಚಳ ತೆಗೆದು ಓಡಿಸುವ ಧೈರ್ಯ ನನಗಿಲ್ಲ, ನಿಮಗೂ ಇರಬಾರದು.

ಎರಡನೆಯದು ಗುಜರಿ ಅಂಗಡಿಯ ಹಳೆಯ ಕಾರ್ ವೈಪರ್ ಮೋಟಾರು. ಅದರೊಳಗೇ ವರ್ಮ್ ಗೇರ್ ಇರುವುದರಿಂದ ನಿಧಾನವಾಗಿ, ಬಲವಾಗಿ ತಿರುಗುತ್ತದೆ. 12 ವೋಲ್ಟ್ ಅಡಾಪ್ಟರ್, ವೇಗ ಇಳಿಸುವ ಸಣ್ಣದೊಂದು ಬೋರ್ಡ್ ಸೇರಿಸಿ, ಲೀಡ್ ಸ್ಕ್ರೂವಿನ ಬಲತುದಿಗೆ ಜೋಡಿಸಿದರೆ ಫೀಡ್ ಒಂದು ಗುಬುಟಿನ ಕೆಲಸವಾಗುತ್ತದೆ. ಸ್ಪಿಂಡಲ್ 600 ಆರ್‌ಪಿಎಂನಲ್ಲಿ ಓಡುವಾಗ ಲೀಡ್ ಸ್ಕ್ರೂ ನಿಮಿಷಕ್ಕೆ 20 ಸುತ್ತು ಸುತ್ತುವಂತೆ ಇಟ್ಟೆ: ನಿಮಿಷಕ್ಕೆ 30 ಮಿ.ಮೀ., ಸುತ್ತಿಗೆ 0.05. ಯೆಜ್ಡಿಗೆಂದು ಕಡೆದ ಗನ್‌ಮೆಟಲ್ ಬುಷ್ಷಿನ ಮೈ ಕನ್ನಡಿಯಂತಾಯಿತು, ಲೆಕ್ಕದ ಪ್ರಕಾರ ಏಣಿನ ಎತ್ತರ 0.8 ಮೈಕ್ರಾನ್. ಮೂರು ವಾರ ಬೀಗುತ್ತ ಓಡಾಡಿದೆ.

ಆಮೇಲೆ ಅದನ್ನು ಬಿಚ್ಚಿಟ್ಟೆ. ಗೇರ್‌ಗಳ ಫೀಡ್ ಸ್ಪಿಂಡಲ್‌ಗೆ ಕಟ್ಟಿಹಾಕಿದ್ದು. ಮೋಟಾರು ಮುಲುಗಿ ಸ್ಪಿಂಡಲ್ ನಿಧಾನವಾದರೆ ಕ್ಯಾರೇಜೂ ಅಷ್ಟೇ ನಿಧಾನವಾಗುತ್ತದೆ, ಸ್ಪಿಂಡಲ್ ನಿಂತರೆ ಕ್ಯಾರೇಜೂ ನಿಲ್ಲುತ್ತದೆ, ಹೀಗಾಗಿ ಟೂಲು ಕತ್ತರಿಸುವ ಪದರದ ದಪ್ಪ ಎಂದಿಗೂ ಬದಲಾಗುವುದಿಲ್ಲ. ವೈಪರ್ ಮೋಟಾರಿಗೆ ಸ್ಪಿಂಡಲ್‌ನ ಹಂಗಿಲ್ಲ. 600 ಇದ್ದದ್ದು ಭಾರಕ್ಕೆ 500ಕ್ಕೆ ಇಳಿದರೆ ಫೀಡ್ 0.06ಕ್ಕೆ ಏರುತ್ತದೆ, ಪದರ ದಪ್ಪವಾಗಿ ಭಾರ ಇನ್ನೂ ಹೆಚ್ಚುತ್ತದೆ, ಸ್ಪಿಂಡಲ್ ಇನ್ನೂ ಬಳಲುತ್ತದೆ. ಒಂದು ದಿನ ಸ್ಪಿಂಡಲ್ ಪೂರ್ತಿ ನಿಂತೇಹೋಯಿತು. ವೈಪರ್ ಮಾತ್ರ ಮಳೆಗಾಲದ ಬಸ್ಸಿನಲ್ಲಿ ಕೆಲಸ ಮಾಡುವ ನಿಷ್ಠೆಯಿಂದ ಟೂಲನ್ನು ನಿಂತ ಜಾಬಿನೊಳಗೆ ನೂಕುತ್ತಲೇ ಇತ್ತು. ಇನ್ಸರ್ಟ್ ಚೂರಾಯಿತು. ಇದಲ್ಲದೆ ವೈಪರ್ ಓಡಿಸುವಾಗ ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಎಡಭಾಗದ ಪೆಟ್ಟಿಗೆ) ಹಿಂದಿನ ಫಾರ್ವರ್ಡ್–ರಿವರ್ಸ್ ಹಿಡಿಯನ್ನು ನ್ಯೂಟ್ರಲ್‌ನಲ್ಲಿ ಇಡಲೇಬೇಕು; ಮರೆತರೆ ಎರಡೂ ಕಡೆಯಿಂದ ಒಂದೇ ಸ್ಕ್ರೂವನ್ನು ಎರಡು ವೇಗದಲ್ಲಿ ತಿರುಗಿಸಲು ಹಗ್ಗಜಗ್ಗಾಟ ನಡೆಯುತ್ತದೆ. ಸ್ಪಿಂಡಲ್‌ಗೆ ಎನ್‌ಕೋಡರ್ ಕೂರಿಸಿ, ಅದರ ಸುತ್ತುಗಳನ್ನು ಎಣಿಸುತ್ತ ಸ್ಟೆಪ್ಪರ್ ಮೋಟಾರಿನಿಂದ ಲೀಡ್ ಸ್ಕ್ರೂ ತಿರುಗಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಈ ದೋಷವಿಲ್ಲ, ಫೀಡ್ ಕೂಡ ಗುಂಡಿ ಒತ್ತಿದರೆ ಬದಲಾಗುತ್ತದೆ. ಆದರೆ ಅದರ ಖರ್ಚು, ಶ್ರಮ ಎರಡನ್ನೂ ಲೆಕ್ಕ ಹಾಕಿದರೆ ಲೇತ್ ಜೊತೆ ಇನ್ನೊಂದು ಹವ್ಯಾಸವನ್ನೇ ಕೊಂಡಂತಾಗುತ್ತದೆ.

ಹಾಫ್ ನಟ್ ಬಗ್ಗೆ ಒಂದು ಮಾತು. ದಿನನಿತ್ಯದ ಟರ್ನಿಂಗ್‌ಗೂ ಲೀಡ್ ಸ್ಕ್ರೂವನ್ನೇ ದುಡಿಸಿಕೊಳ್ಳುವುದರಿಂದ ಸವೆತವೆಲ್ಲ ಚಕ್ಕಿನ ಹತ್ತಿರದ ಒಂದೇ ಭಾಗಕ್ಕೆ ಬೀಳುತ್ತದೆ. ಥ್ರೆಡ್ ಹಾಕುವುದೂ ಅಲ್ಲೇ. ಮೇಲಿನಿಂದ ಬಿದ್ದ ಲೋಹದ ಚೂರುಗಳು ಎಣ್ಣೆ ಹಚ್ಚಿದ ಸ್ಕ್ರೂವಿಗೆ ಅಂಟಿ ಅರದಂತೆ ಕೆಲಸ ಮಾಡುತ್ತವೆ, ಹಾಗಾಗಿ ನಾನು ಪ್ರತಿ ದಿನದ ಕೆಲಸ ಮುಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಉಜ್ಜಿ ಹೊಸ ಎಣ್ಣೆ ಬಿಡುತ್ತೇನೆ. ಹೊಸದರಲ್ಲಿ ಹಾಫ್ ನಟ್‌ನ ಹಿಡಿ ಎಷ್ಟು ಬಿಗಿಯಾಗಿತ್ತೆಂದರೆ ಫೀಡ್ ಬಿಡಿಸಲು ಎರಡು ಕೈ ಬೇಕಾಗುತ್ತಿತ್ತು. ಅಂಚು ಹತ್ತಿರವಾದಾಗ ಅದು ಭಯ ಹುಟ್ಟಿಸುತ್ತದೆ. ಅಪ್ರಾನ್ (ಕ್ಯಾರೇಜಿನ ಮುಂದಿನ ತಟ್ಟೆ) ಬಿಚ್ಚಿ, ಹಾಫ್ ನಟ್‌ನ ಬಿಗಿ ಹೊಂದಿಸುವ ಗಿಬ್ ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿದ ಮೇಲೆ ಸರಿಹೋಯಿತು. ಒಂದು ಲಕ್ಷ ಕೊಟ್ಟವನು ಮೊದಲ ದಿನ ಮಾಡಬೇಕಾದ ಕೆಲಸ ಇದಲ್ಲ.

ಐದರಲ್ಲಿ ಅಂಕ ಕೊಡುವುದಾದರೆ ಫೀಡ್‌ನ ನಿಖರತೆಗೆ ಐದು, ಬದಲಿಸುವ ಅನುಕೂಲಕ್ಕೆ ಒಂದೂವರೆ, ಕೈಪಿಡಿಗೆ ಸೊನ್ನೆ, ಮಾರಾಟದ ನಂತರದ ಸೇವೆಗೆ ಆ 55 ಹಲ್ಲಿನ ಗೇರ್ ಸಾಕ್ಷಿಯಾಗಿ ಒಂದು. ದಿನಕ್ಕೆ ಹತ್ತಾರು ಜಾಬ್ ಕಡೆಯಬೇಕಾದವರು ಇದರ ಹತ್ತಿರ ಸುಳಿಯದೆ, ಗೇರ್ ಬಾಕ್ಸ್ ಇರುವ ಹಳೆಯದೊಂದು ಭಾರಿ ಲೇತನ್ನು ಹರಾಜಿನಲ್ಲಿ ಹುಡುಕುವುದು ಮೇಲು, ಜಾಗವೂ ತ್ರೀ ಫೇಸ್ ಕರೆಂಟೂ ಇದ್ದರೆ. ಭಾನುವಾರಕ್ಕೊಂದು ಬುಷ್ ಕಡೆಯುವ ನನ್ನಂಥವರು ಕೊಳ್ಳಬಹುದು. ಹಣ ಕೊಡುವ ಮುನ್ನ ಮಾರಾಟಗಾರರ ಎದುರಿಗೇ ಗೇರ್‌ಗಳ ಪೆಟ್ಟಿಗೆ ತೆರೆಸಿ, 20 ಮತ್ತು 80 ಎರಡೆರಡು ಇವೆಯೇ, 50 ಮತ್ತು 60 ಒಂದೊಂದಾದರೂ ಇವೆಯೇ ಎಂದು ನೋಡಿಕೊಳ್ಳಿ. ಚೀಟಿಯನ್ನು ನಂಬದೆ ಹಲ್ಲು ಎಣಿಸಿ, ಎಣಿಸಲು ಒಂದು ಸೀಮೆಸುಣ್ಣದ ತುಂಡು ಜೇಬಿನಲ್ಲಿರಲಿ.